ದೈತ್ಯ ಯಂತ್ರಯೋಧರ ಸಂಭಾವ್ಯತೆ

ಜಪಾನಿನ ಅನಿಮೆ ಕಥೆಗಳಲ್ಲಿ ಕಾಣಬರುವ ದೈತ್ಯ ಯಂತ್ರಯೋಧರು ವಾಸ್ತವದಲ್ಲಿ ಸಾಧ್ಯವೇ ಎಂಬ ಪ್ರಶ್ನೆಯು ಚರ್ಚಾರ್ಹವಾದುದು. 1979ರಲ್ಲಿ ತೊಮಿನೊ ಯೊಶಿಯುಕಿ ನಿರ್ದೇಶಿಸಿದ ‘ಮೊಬೈಲ್ ಸೂಟ್ ಗಂಡಮ್’ ಮಾಲಿಕೆಯ ನಾಯಕಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಎತ್ತರ 18 ಮೀಟರ್. ಸರ್ವಸಜ್ಜಿತವಾದಾಗ ತೂಕ 60 ಟನ್.

ಆಕೃತಿಯು ಎಲ್ಲ ದಿಕ್ಕುಗಳಲ್ಲಿಯೂ ಹತ್ತು ಮಡಿ ಬೆಳೆದರೆ ಕಾಲುಗಳ ಅಡ್ಡಕೊಯ್ತದ ವಿಸ್ತೀರ್ಣವು ನೂರು ಮಡಿಯಾಗುತ್ತದೆ. ತೂಕವಾದರೋ ಸಾವಿರ ಮಡಿ. ಈ ತತ್ತ್ವವನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ಗ್ರಂಥದಲ್ಲಿಯೇ ವಿವರಿಸಿದ್ದನು. ಇದರಂತೆ 1.8 ಮೀಟರ್ ಎತ್ತರದ, 70 ಕಿಲೋಗ್ರಾಂ ತೂಕದ ಮನುಷ್ಯನು ಗಂಡಮಿನಷ್ಟು ಬೆಳೆದರೆ 70 ಟನ್ ತೂಗುವನು. ಎಂದ ಮೇಲೆ ಲೋಹಕವಚಧಾರಿಯಾದ ಯಂತ್ರವು ರಕ್ತಮಾಂಸಗಳ ದೇಹಕ್ಕಿಂತಲೂ ಹಗುರವೆಂದಾಯಿತು! 2020ರಿಂದ 2024ರವರೆಗೆ ಯೊಕೊಹಾಮಾದಲ್ಲಿ ಪ್ರದರ್ಶಿತವಾಗಿದ್ದ 18 ಮೀಟರ್ ಎತ್ತರದ ಚಲಿಸುವ ಪ್ರತಿಕೃತಿಗೂ ಸೊಂಟದ ಹಿಂಬದಿಯಿಂದ ಆಧಾರವನ್ನು ಒದಗಿಸಬೇಕಾಗಿತ್ತು.

ಇಷ್ಟಕ್ಕೇ ವಿಚಾರವು ಮುಗಿಯದು. ರೇಡಾರ್ ಮತ್ತು ನಿರ್ದೇಶಿತ ಕ್ಷಿಪಣಿಗಳು ಕಣ್ಣಿಗೆ ಕಾಣದ ದೂರದಿಂದಲೇ ಶತ್ರುವನ್ನು ಹೊಡೆಯಬಲ್ಲ ಯುಗದಲ್ಲಿ ಎತ್ತರದ ಯಂತ್ರವು ಸುಲಭವಾದ ಗುರಿ. ಆದ್ದರಿಂದಲೇ ಕಥೆಯಲ್ಲಿ ರೇಡಾರನ್ನು ನಿಷ್ಫಲಗೊಳಿಸುವ ‘ಮಿನೊವ್‌ಸ್ಕಿ ಕಣ’ಗಳನ್ನು ಕಲ್ಪಿಸಿ, ಸಮೀಪಯುದ್ಧಕ್ಕೆ ಮತ್ತೆ ಎಡೆಮಾಡಿಕೊಡಲಾಗಿದೆ. ಆಯುಧದ ರೂಪವು ಯುದ್ಧದ ಪರಿಸ್ಥಿತಿಯನ್ನು ಅವಲಂಬಿಸಿರುವುದೆಂಬ ಐತಿಹಾಸಿಕ ತಿಳಿವಳಿಕೆ ಇಲ್ಲಿದೆ. ಆದುದರಿಂದ ಇಂತಹ ಯಂತ್ರವನ್ನು ವಿಮರ್ಶಿಸುವವರು ಅದು ನಿಲ್ಲಬಲ್ಲುದೇ ಎಂಬುದರೊಡನೆ, ಎಂತಹ ಯುದ್ಧಕ್ಕೆ ಅದು ಬೇಕಾದೀತು ಎಂಬುದನ್ನೂ ವಿಚಾರಿಸಬೇಕು.