ಗುಬ್ಬಿಗೊಂದು ಮರದ ಮನೆ

ಸವದತ್ತಿ, ರಾಮದುರ್ಗ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗುಬ್ಬಿಗಳಿಗೆ ಬಾಡಿಗೆಯಿಲ್ಲದ ಬಿಡಾರವಿರುತ್ತಿತ್ತು. ಜಂತಿ ಗೋಡೆಗೆ ಸೇರುವಲ್ಲಿನ ಸಂದು, ಬೆಳಕಿಂಡಿ, ಗೋಡೆಗೆ ತೂಗುಹಾಕಿದ ಫೋಟೋದ ಹಿಂಬದಿ, ಎಲ್ಲವೂ ಅವುಗಳದೇ. ಕಿತ್ತೂರು, ಬೈಲಹೊಂಗಲ ಭಾಗದ ಹಂಚಿನ ಮನೆಗಳಲ್ಲೂ ಅಷ್ಟೆ. ಈಗ ಊರೂರಲ್ಲಿ ಸಿಮೆಂಟಿನ ಮನೆಗಳು ಎದ್ದಿವೆ. ನುಣುಪಾದ ಗೋಡೆ, ಜಾಳಿಗೆ ಹಾಕಿದ ಕಿಟಕಿ. ನವಿಲಿಗೇನೋ ಸವದತ್ತಿಯ ಬಳಿ ನವಿಲುತೀರ್ಥವೆಂಬ ಹೆಸರಾದರೂ ಉಂಟು. ಗುಬ್ಬಿಗೆ ಒಂದು ಸಂದೂ ಇಲ್ಲ!

2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸಲಾಗುತ್ತಿದೆ. ಗುಬ್ಬಿಯ ಸಂತತಿಯೇ ಅಳಿಯಿತೆಂಬ ಕೂಗೂ ಆಗಾಗ ಏಳುತ್ತದೆ. ಆದರೆ ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತು 2020ರಲ್ಲಿ ಹೊರಬಂದ ವರದಿಯ ಪ್ರಕಾರ ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಒಟ್ಟಾರೆ ಸ್ಥಿರವಾಗಿದೆ. ಇಳಿಕೆ ಕಂಡಿರುವುದು ಮಹಾನಗರಗಳಲ್ಲಿ. ಅಂದರೆ ನಮ್ಮಂಥ ಊರುಗಳಲ್ಲಿ ಕಾಲ ಇನ್ನೂ ಮಿಂಚಿಲ್ಲ.

ಗೀಜಗ ತನ್ನ ಗೂಡನ್ನು ತಾನೇ ನೇಯುತ್ತದೆ. ಮರಕುಟಿಗ ತಾನೇ ಪೊಟರೆ ಕೊರೆಯುತ್ತದೆ. ಗುಬ್ಬಿಗೆ ಈ ಎರಡೂ ವಿದ್ಯೆ ಅಷ್ಟಕ್ಕಷ್ಟೆ. ಅದಕ್ಕೆ ಬೇಕಾದದ್ದು ಸಿದ್ಧವಾದ ಪೊಟರೆ. ಒಂದು ಮರದ ಪೆಟ್ಟಿಗೆ ಸಾಕು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇನೂ ಬೇಡ: ಗರಗಸ, ಸುತ್ತಿಗೆ, ಬೈರಿಗೆ, ಅಳತೆಪಟ್ಟಿ ಮತ್ತು ಮೊಳೆ ಇದ್ದರಾಯಿತು.

ಐದು ಅಡಿ ಉದ್ದ, 15 ಸೆಂ.ಮೀ. ಅಗಲ, 1.5 ಸೆಂ.ಮೀ. ದಪ್ಪದ ಒಂದೇ ಹಲಗೆ ತನ್ನಿ. ಬಡಿಗರಲ್ಲಿ ಉಳಿದ ಬೇವು, ಮಾವು, ಸಾಗವಾನಿ ಯಾವುದಾದರೂ ಆದೀತು. ಹಿಂಬದಿಗೆ 40 ಸೆಂ.ಮೀ., ಮುಂಬದಿಗೆ 20, ಛಾವಣಿಗೆ 21, ತಳಕ್ಕೆ 12 ಸೆಂ.ಮೀ. ಕತ್ತರಿಸಿ. ಎರಡು ಪಕ್ಕಗಳಿಗೆ 45 ಸೆಂ.ಮೀ. ಉದ್ದದ ತುಂಡು ಬೇಕು. ಅದರ ಒಂದು ತುದಿಯಿಂದ ಮೇಲಿನ ಅಂಚಿನಲ್ಲಿ 25, ಕೆಳಗಿನ ಅಂಚಿನಲ್ಲಿ 20 ಸೆಂ.ಮೀ.ಗೆ ಗುರುತು ಹಾಕಿ, ಎರಡನ್ನೂ ಕೂಡಿಸುವ ಓರೆಗೆರೆಯ ಮೇಲೆ ಕೊಯ್ದರೆ ಒಂದೇ ಅಳತೆಯ ಎರಡು ಪಕ್ಕಗಳು ಸಿಗುತ್ತವೆ. ಇಳಿಜಾರು ಛಾವಣಿಗೆ ಬೇಕಾದ ಓರೆಯೂ ಅದರಲ್ಲೇ ಬಂತು!

ಬಾಗಿಲಿನ ಅಳತೆಯಲ್ಲಿಯೇ ಗುಟ್ಟಿದೆ. ರಂಧ್ರದ ವ್ಯಾಸ 32 ಮಿ.ಮೀ. ಇರಲಿ. ಗುಬ್ಬಿ ಸಲೀಸಾಗಿ ನುಗ್ಗುತ್ತದೆ, ಮೈನಾ ನುಗ್ಗಲಾರದು. ರಂಧ್ರದ ನಡುಬಿಂದು ಮುಂಬದಿಯ ಮೇಲಂಚಿನಿಂದ 4.5 ಸೆಂ.ಮೀ. ಕೆಳಗಿರಲಿ. ಆಗ ಬಾಗಿಲಿಗೂ ತಳಕ್ಕೂ ಸುಮಾರು 12 ಸೆಂ.ಮೀ. ಅಂತರವುಳಿದು, ಬೆಕ್ಕಿನ ಪಂಜಾಗಲಿ ಕಾಗೆಯ ಕೊಕ್ಕಾಗಲಿ ಮರಿಗಳನ್ನು ಮುಟ್ಟುವುದು ಕಷ್ಟ. ಬಾಗಿಲ ಮುಂದೆ ಕೂರಲು ಕಡ್ಡಿ ಸಿಕ್ಕಿಸುವುದು ಚೆಂದವೆನಿಸಬಹುದು. ಆದರೆ ಅದು ಗುಬ್ಬಿಗೆ ಬೇಕಿಲ್ಲ, ಕಾಗೆಗೆ ಅನುಕೂಲ.

ಪಕ್ಕಗಳ ನಡುವೆ ತಳವಿಟ್ಟು ಮೊಳೆ ಹೊಡೆಯಿರಿ. ನಂತರ ಮುಂಬದಿ, ಹಿಂಬದಿ ಜೋಡಿಸಿ. ಹಿಂಬದಿಯ ಹಲಗೆ ಪೆಟ್ಟಿಗೆಗಿಂತ ಮೇಲೂ ಕೆಳಗೂ ಚಾಚಿರಲಿ. ಗೋಡೆಗೆ ಬಿಗಿಯಲು ಅದು ಬೇಕು. ಛಾವಣಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯೇ ಕೀಲು; ತೆರೆಯದಂತೆ ಪಕ್ಕಕ್ಕೊಂದು ಕೊಕ್ಕೆ. ತಳದಲ್ಲಿ ನೀರು ಬಸಿಯಲು, ಪಕ್ಕಗಳ ಮೇಲ್ತುದಿಯಲ್ಲಿ ಗಾಳಿಯಾಡಲು ಪೆನ್ಸಿಲ್ ಗಾತ್ರದ ನಾಲ್ಕಾರು ತೂತುಗಳಿರಲಿ. ಒಳಗೆ ಬಣ್ಣ, ವಾರ್ನಿಷ್ ಬೇಡ. ಮುಂಬದಿಯ ಒಳಮೈ ಒರಟಾಗಿದ್ದಷ್ಟೂ ಮರಿಗಳಿಗೆ ಹತ್ತಿ ಹೊರಬರಲು ಸುಲಭ.

ನಮ್ಮ ಬೇಸಿಗೆಯ ಬಿಸಿಲಿಗೆ ತಗಡಿನ ಡಬ್ಬಿ ಒಲೆಯಾಗುತ್ತದೆ; ಮರವೇ ಲೇಸು. ಪೆಟ್ಟಿಗೆಯನ್ನು ಸಜ್ಜೆಯ ನೆರಳಿನಲ್ಲಿ, ನೆಲದಿಂದ ಎಂಟು-ಹತ್ತು ಅಡಿ ಎತ್ತರದಲ್ಲಿ, ಉತ್ತರಕ್ಕೋ ಪೂರ್ವಕ್ಕೋ ಮುಖಮಾಡಿ ಕಟ್ಟಿ. ಕಿತ್ತೂರಿನ ಕಡೆ ಮುಂಗಾರು ಜೋರು. ಅಲ್ಲಿ ಪಶ್ಚಿಮಕ್ಕೆ ಬಾಗಿಲಿಟ್ಟರೆ ಎರಚಲು ಒಳನುಗ್ಗೀತು. ಫ್ಯಾನ್ ತಿರುಗುವ ಕೋಣೆಯಲ್ಲಂತೂ ಕಟ್ಟಲೇಬೇಡಿ. ಗುಬ್ಬಿಗಳಿಗೆ ನೆರೆಹೊರೆ ಬೇಕು. ತುಸು ಅಂತರ ಬಿಟ್ಟು ಎರಡು-ಮೂರು ಪೆಟ್ಟಿಗೆಗಳಿದ್ದರೆ ಒಳ್ಳೆಯದು. ಮರುದಿನವೇ ಬಂದಾವೆಂದು ಕಾಯಬೇಡಿ, ತಿಂಗಳುಗಳೇ ಹಿಡಿಯಬಹುದು.

ಮನೆಯಷ್ಟೇ ಸಾಲದು, ಊಟವೂ ಬೇಕಲ್ಲ? ಕಾಳು ತಿನ್ನುವ ಗುಬ್ಬಿ ಎಳೆಮರಿಗಳಿಗೆ ಉಣಿಸುವುದು ಮುಖ್ಯವಾಗಿ ಹುಳು-ಕೀಟಗಳನ್ನು. ಹಿತ್ತಿಲಿಗೆಲ್ಲ ಕೀಟನಾಶಕ ಸಿಂಪಡಿಸಿ ಗೋಡೆಗೆ ಪೆಟ್ಟಿಗೆ ಕಟ್ಟಿದರೆ ಏನು ಬಂತು? ಒಂದು ಬೇವಿನ ಗಿಡ, ಒಂದಿಷ್ಟು ಬೇಲಿಪೊದೆ, ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರು ಇದ್ದರೆ ಸಂಸಾರ ಸಾಗೀತು.

ಒಮ್ಮೆ ಗುಬ್ಬಿ ಸೇರಿಕೊಂಡ ಮೇಲೆ ಮುಚ್ಚಳ ತೆರೆದು ಇಣುಕಬೇಡಿ. ಹೊರಗಿನಿಂದಲೇ ಲೆಕ್ಕ ಸಿಗುತ್ತದೆ. ಕೊಕ್ಕಿನಲ್ಲಿ ಹುಲ್ಲು, ಗರಿ ಕಂಡರೆ ಗೂಡು ನಡೆದಿದೆ. ಹುಳು ಕಂಡ ದಿನ ಮೊಟ್ಟೆಯೊಡೆದಿದೆ ಎಂದರ್ಥ. ಅಲ್ಲಿಂದ ಸುಮಾರು ಎರಡು ವಾರಕ್ಕೆ ಮರಿಗಳು ಹಾರುತ್ತವೆ. ಗೂಡು ಪೂರ್ತಿ ಖಾಲಿಯಾದ ಬಳಿಕ ಕಸ ತೆಗೆದು ಒಣಗಿಸಿಡಿ. ಮುಂದಿನ ಬಾಣಂತನಕ್ಕೆ ಮನೆ ಸಿದ್ಧ.