ಅಲುಗದೆ ಮಲಗಿದವರ ಮಿದುಳು

ಆಟಿಸಂ ಅಥವಾ ಸ್ವಲೀನತೆಯನ್ನು ಇಂದಿಗೂ ಗುರುತಿಸುವುದು ನಡವಳಿಕೆಯಿಂದಲೇ. ಹೆಸರು ಹಿಡಿದು ಕರೆದರೆ ಮಗು ತಿರುಗುತ್ತದೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ, ಮಾತು ಬಂದದ್ದು ಯಾವಾಗ, ಆಟ ಒಂದೇ ಬಗೆಯಲ್ಲಿ ಮರಳಿ ಮರಳಿ ಸಾಗುತ್ತದೆಯೇ ಎಂಬುದನ್ನೆಲ್ಲ ನೋಡಿ, ಕೇಳಿ ವೈದ್ಯರು ನಿರ್ಣಯಕ್ಕೆ ಬರುತ್ತಾರೆ. ಆದರೆ ಇದರ ಬೇರು ಮಿದುಳಿನ ಬೆಳವಣಿಗೆಯಲ್ಲಿರಬೇಕೆಂಬ ಅನುಮಾನಕ್ಕೆ ಮೊದಲಿನಿಂದಲೂ ಎಡೆಯಿತ್ತು. ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ವಿವರಿಸಿ ಬರೆದ ಪ್ರಬಂಧದಲ್ಲಿಯೇ ಅವರಲ್ಲಿ ಐವರ ತಲೆ ತುಸು ದೊಡ್ಡದೆಂಬ ಮಾತು ಬಂದುಹೋಗುತ್ತದೆ. ಆ ತಲೆಯೊಳಗೆ ಏನಿದೆ ಎಂದು ನೋಡುವ ಸಾಧನ ಮಾತ್ರ ಅಂದು ಇರಲಿಲ್ಲ.

ಆ ಸಾಧನ ಎಂಆರ್‌ಐ, ಅಂದರೆ ಕಾಂತೀಯ ಅನುರಣನ ಚಿತ್ರಣ. ಬಲವಾದ ಕಾಂತಕ್ಷೇತ್ರದೊಳಗೆ ದೇಹದ ನೀರಿನಲ್ಲಿರುವ ಹೈಡ್ರೋಜನ್ ಬೀಜಗಳು ಒಂದು ದಿಕ್ಕಿಗೆ ಒಲಿದು ನಿಲ್ಲುತ್ತವೆ. ರೇಡಿಯೋ ತರಂಗದ ತಟ್ಟಿಗೆ ಕದಲಿ, ಮತ್ತೆ ಮೊದಲ ಸ್ಥಿತಿಗೆ ಮರಳುವಾಗ ಹೊಮ್ಮಿಸುವ ಸಂಕೇತವೇ ಚಿತ್ರವಾಗುತ್ತದೆ. ಕ್ಷ-ಕಿರಣದ ಸೋಂಕಿಲ್ಲದ್ದರಿಂದ ಮಕ್ಕಳನ್ನು ಮತ್ತೆ ಮತ್ತೆ ಪರೀಕ್ಷಿಸಬಹುದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನೂ ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನೂ ಕಾಂತಕ್ಷೇತ್ರದಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ. ಇದನ್ನು ಬಳಸಿ ಮಿದುಳಿನ ಕೆಲಸದ ಏರಿಳಿತವನ್ನು ಗ್ರಹಿಸಬಹುದೆಂದು ಸೆಯ್ಜಿ ಒಗಾವಾ 1990ರಲ್ಲಿ ತೋರಿಸಿದ ಮೇಲೆ ರಚನೆಯ ಜೊತೆಗೆ ಕ್ರಿಯೆಯೂ ಕಣ್ಣಿಗೆ ಬಿತ್ತು. ಷರತ್ತು ಒಂದೇ: ಕಿವಿಗಡಚಿಕ್ಕುವ ಸದ್ದಿನ ನಡುವೆ, ಇಕ್ಕಟ್ಟಾದ ಕೊಳವೆಯೊಳಗೆ, ಹಲವು ನಿಮಿಷ ತಲೆ ಅಲುಗಬಾರದು. ಸದ್ದಿಗೆ, ಅಪರಿಚಿತ ಜಾಗಕ್ಕೆ ಬೆಚ್ಚುವ ಮಗುವಿಗೆ ಇದಕ್ಕಿಂತ ಕಠಿಣವಾದ ಷರತ್ತನ್ನು ಕಲ್ಪಿಸುವುದೇ ಕಷ್ಟ.

ಅಮೆರಿಕದ ಹಲವು ಕೇಂದ್ರಗಳು ಸೇರಿ ನಡೆಸಿದ ಶಿಶು ಮಿದುಳು ಚಿತ್ರಣ ಅಧ್ಯಯನ ಈ ತೊಡಕನ್ನು ನಿದ್ರೆಯಿಂದ ದಾಟಿತು. ಆಟಿಸಂ ಇರುವ ಮಗುವಿನ ತಮ್ಮ ತಂಗಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಅಂಥ ಶಿಶುಗಳನ್ನು 6, 12 ಮತ್ತು 24 ತಿಂಗಳ ಪ್ರಾಯದಲ್ಲಿ, ಔಷಧಿಯ ಮಂಪರಿಲ್ಲದೆ, ಸಹಜ ನಿದ್ರೆಯಲ್ಲಿರುವಾಗ ಚಿತ್ರಿಸಲಾಯಿತು. ಹೆದರ್ ಹ್ಯಾಜ್ಲೆಟ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂಥ 106 ಶಿಶುಗಳಿದ್ದವು. ಅವರಲ್ಲಿ 15 ಮಕ್ಕಳಿಗೆ 24 ತಿಂಗಳ ಪ್ರಾಯದಲ್ಲಿ ಆಟಿಸಂ ಎಂಬ ನಿರ್ಣಯವಾಯಿತು. ಈ ಮಕ್ಕಳಲ್ಲಿ ಮಿದುಳ ತೊಗಟೆಯ ದಪ್ಪ ಉಳಿದವರಂತೆಯೇ ಇತ್ತು. ಆದರೆ ತೊಗಟೆಯ ಹರವು, ಎಂದರೆ ಮಡಿಕೆಗಳನ್ನು ಬಿಡಿಸಿ ಹಾಸಿದರೆ ಸಿಗುವ ವಿಸ್ತೀರ್ಣ, ಆರರಿಂದ ಹನ್ನೆರಡು ತಿಂಗಳ ನಡುವೆ ಹೆಚ್ಚು ವೇಗವಾಗಿ ಬೆಳೆದಿತ್ತು. ಮಿದುಳಿನ ಒಟ್ಟು ಗಾತ್ರ ಹಿಗ್ಗಿದ್ದು ಅದರ ಬಳಿಕ, ಎರಡನೆಯ ವರ್ಷದಲ್ಲಿ. ನಡವಳಿಕೆಯ ಚಹರೆಗಳು ಸ್ಪಷ್ಟವಾಗುವ ಮೊದಲೇ ಬೆಳವಣಿಗೆಯ ವೇಗ ಬದಲಾಗಿತ್ತೆಂಬುದು ಈ ಕ್ಷೇತ್ರದ ಅತಿ ಬೆಲೆಯುಳ್ಳ ತಿಳಿವುಗಳಲ್ಲಿ ಒಂದು.

ತುಸು ದೊಡ್ಡ ಮಕ್ಕಳ ಮತ್ತು ಹದಿಹರೆಯದವರ ಕಥೆ ಇಷ್ಟು ನೇರವಾಗಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಾರ್ಸೆಲ್ ಜಸ್ಟ್ ತಂಡ 2004ರಲ್ಲಿ ಆಟಿಸಂ ಇರುವ ವಯಸ್ಕರು ವಾಕ್ಯಗಳನ್ನು ಓದುವಾಗ ಮಿದುಳಿನ ಭಾಷಾಕ್ಷೇತ್ರಗಳು ಒಂದಕ್ಕೊಂದು ಕಡಿಮೆ ತಾಳಬದ್ಧವಾಗಿ ಕೆಲಸ ಮಾಡುವುದನ್ನು ಕಂಡಿತು. ಅಲ್ಲಿಂದಾಚೆಗೆ ದೂರದ ಕೊಂಡಿಗಳು ದುರ್ಬಲ, ಹತ್ತಿರದವು ಅತಿಯಾದವು ಎಂಬ ಚಿತ್ರ ಮಕ್ಕಳ ಅಧ್ಯಯನಗಳಿಗೂ ಹರಡಿತು. 2012ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಒಂದು ಮುಜುಗರದ ಸಂಗತಿಯನ್ನು ಹೊರಗಿಟ್ಟವು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೊನಾಥನ್ ಪವರ್ ತಂಡ ಅವುಗಳಲ್ಲೊಂದು. ಮಿಲಿಮೀಟರಿಗೂ ಕಡಿಮೆ ತಲೆ ಕದಲಿದರೂ ಲೆಕ್ಕದಲ್ಲಿ ದೂರದ ಸಂಪರ್ಕಗಳು ಕುಗ್ಗಿದಂತೆಯೂ ಹತ್ತಿರದವು ಹಿಗ್ಗಿದಂತೆಯೂ ತೋರುತ್ತವೆ. ಆಟಿಸಂನದೆಂದು ನಂಬಿದ್ದ ಗುರುತೇ ಇದು! ಮಕ್ಕಳು ದೊಡ್ಡವರಿಗಿಂತ ಹೆಚ್ಚು ಅಲುಗುತ್ತಾರೆ, ಆಟಿಸಂ ಇರುವ ಮಕ್ಕಳು ಇನ್ನೂ ಹೆಚ್ಚು. ಪವರ್ ಮತ್ತು ಸಂಗಡಿಗರ ದೊಡ್ಡತನವೆಂದರೆ, ಮಿದುಳಿನ ಬೆಳವಣಿಗೆಯ ಬಗ್ಗೆ ತಮ್ಮದೇ ಪ್ರಯೋಗಾಲಯ ಮುಂಚೆ ಹೇಳಿದ್ದ ಮಾತಿನ ಮೇಲೂ ಈ ನೆರಳು ಬೀಳುವುದನ್ನು ಅವರು ಮರೆಮಾಚಲಿಲ್ಲ. ಹಳೆಯ ಫಲಿತಾಂಶಗಳೆಲ್ಲ ಸುಳ್ಳಾದವೆಂದಲ್ಲ, ಜರಡಿ ಹಿಡಿಯಬೇಕಾಯಿತು.

ಜರಡಿಗೆ ದೊಡ್ಡ ಸಂಖ್ಯೆ ಬೇಕು. 2012ರಲ್ಲಿ ಅಬೈಡ್ ಎಂಬ ಸಂಗ್ರಹ 17 ಕೇಂದ್ರಗಳಿಂದ 1,112 ಜನರ ಚಿತ್ರಗಳನ್ನು ಒಟ್ಟುಗೂಡಿಸಿ ಎಲ್ಲ ಸಂಶೋಧಕರಿಗೂ ತೆರೆದಿಟ್ಟಿತು. ಎನಿಗ್ಮಾ ಎಂಬ ಸಂಶೋಧಕರ ಒಕ್ಕೂಟ 2018ರಲ್ಲಿ ಆಟಿಸಂ ಇರುವ 1,571 ಮತ್ತು ಇಲ್ಲದ 1,651 ಜನರನ್ನು ಹೋಲಿಸಿತು. ಮುಂದಲೆಯ ಬದಿಯ ತೊಗಟೆ ಸ್ವಲ್ಪ ದಪ್ಪ, ಕಣತಲೆಯ ಬದಿಯದು ಸ್ವಲ್ಪ ತೆಳು, ಅಮಿಗ್ಡಲ ಮೊದಲಾದ ಒಳಭಾಗಗಳು ತುಸು ಚಿಕ್ಕವು. ಅಂತರ ಇದೆ, ಆದರೆ ಬಹಳ ಕಿರಿದು. ಎರಡು ಗುಂಪುಗಳ ಅಳತೆಗಳು ಬಹುಪಾಲು ಒಂದರ ಮೇಲೊಂದು ಕೂರುತ್ತವೆ. ಒಂದು ಮಗುವಿನ ಚಿತ್ರವನ್ನು ಕೈಯಲ್ಲಿ ಹಿಡಿದು ಇದು ಆಟಿಸಂ ಎಂದು ಹೇಳಲು ಈ ಸರಾಸರಿಗಳು ನೆರವಾಗುವುದಿಲ್ಲ. ಹಾಗೆ ಹೇಳಿ ಸ್ಕ್ಯಾನ್ ಮಾಡಿಸುವ ಜಾಹೀರಾತನ್ನು ನಂಬಬೇಕಾಗಿಯೂ ಇಲ್ಲ.

ಇದಕ್ಕಿಂತ ಆಳವಾದ ಕೊರತೆ ಇನ್ನೊಂದಿದೆ. ಅಮೆರಿಕದ ಸಮೀಕ್ಷೆಗಳಲ್ಲಿ ಆಟಿಸಂ ಇರುವ ಎಂಟು ವರ್ಷದ ಮಕ್ಕಳ ಪೈಕಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿಗೆ ಬೌದ್ಧಿಕ ಅಸಾಮರ್ಥ್ಯವೂ ಇರುತ್ತದೆ. ಕೆಲವರಿಗೆ ಮಾತೇ ಬಂದಿರುವುದಿಲ್ಲ. ಸೂಚನೆ ಕೇಳಿ, ಕೊಳವೆಯೊಳಗೆ ನಿಶ್ಚಲವಾಗಿ ಮಲಗಲಾರದ ಈ ಮಕ್ಕಳು ಬಹುತೇಕ ಅಧ್ಯಯನಗಳಿಂದ ಹೊರಗುಳಿದರು. ಅಲುಗಿದ ಚಿತ್ರಗಳನ್ನು ತೆಗೆದುಹಾಕುವ ಶಿಸ್ತು ಹೆಚ್ಚಿದಷ್ಟೂ ಇವರು ಇನ್ನಷ್ಟು ಹೊರಗಾದರು. ಆಟಿಸಂನ ಮಿದುಳೆಂದು ಪಠ್ಯಗಳಲ್ಲಿ ಬರುವುದು ಹೆಚ್ಚಾಗಿ ಮಾತು ಬಲ್ಲ, ಸಮಾಧಾನವಾಗಿ ಮಲಗಬಲ್ಲ ಹುಡುಗರ ಮಿದುಳು. ಹುಡುಗಿಯರ ಚಿತ್ರಗಳು ಕೂಡ ಕಡಿಮೆಯೇ.

ಈ ಕೊರತೆಯನ್ನು ತುಂಬುವ ಕೆಲಸ ನಡೆದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಕ್ರಿಸ್ಟೀನ್ ನಾರ್ಡಾಲ್ ತಂಡ ಬೌದ್ಧಿಕ ಅಸಾಮರ್ಥ್ಯವಿರುವ ಮಕ್ಕಳಿಗೆ ವರ್ತನಾ ತಜ್ಞರ ನೆರವಿನಿಂದ, ಅಣಕು ಯಂತ್ರದಲ್ಲಿ ಹಂತಹಂತವಾಗಿ ಅಭ್ಯಾಸ ಮಾಡಿಸಿ, ಮಂಪರು ಔಷಧಿಯಿಲ್ಲದೆ ಚಿತ್ರ ತೆಗೆಯುವ ಕ್ರಮವನ್ನು 2016ರಲ್ಲಿ ವರದಿ ಮಾಡಿತು. ಬ್ರಿಟನ್ನಿನಲ್ಲಿ ನಾಟಿಂಗ್‌ಹ್ಯಾಮ್ ಮತ್ತು ಲಂಡನ್ನಿನ ವಿಜ್ಞಾನಿಗಳು 2018ರಲ್ಲಿ ತಲೆಗೆ ತೊಡುವ ಶಿರಸ್ತ್ರಾಣವೊಂದನ್ನು ಮುಂದಿಟ್ಟರು. ನರಕೋಶಗಳ ವಿದ್ಯುತ್ತು ಹುಟ್ಟಿಸುವ ಅತಿ ಸೂಕ್ಷ್ಮ ಕಾಂತಕ್ಷೇತ್ರವನ್ನು ಅಳೆಯುವ ಅದರ ಸಂವೇದಕಗಳು ತಲೆಯೊಂದಿಗೇ ಚಲಿಸುವುದರಿಂದ, ತಲೆ ಆಡಿದರೂ ಅಳತೆ ಸಾಗುತ್ತದೆ. ಎಂಆರ್‌ಐ ಕೊಡುವ ರಚನೆಯ ವಿವರ ಇದರಿಂದ ಸಿಗದು. ಹೊರಗಿನ ಕಾಂತಕ್ಷೇತ್ರವನ್ನು ತಡೆಯುವ ವಿಶೇಷ ಕೋಣೆಯೂ ಬೇಕು. ಅಂಥ ಕೋಣೆಯಿರುವ ಸಂಸ್ಥೆಗಳು ಜಗತ್ತಿನಲ್ಲಿ ಇನ್ನೂ ಕೆಲವೇ.