ಕರಿಬೇವಿನ ಗಿಡದ ವೇಷಧಾರಿಣಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಹಳೆಯ ಮನೆಗಳ ಹಿತ್ತಿಲಲ್ಲಿ ಬೇರೇನಿಲ್ಲದಿದ್ದರೂ ಕರಿಬೇವಿನ ಗಿಡವೊಂದು ಇರುವುದುಂಟು. ಒಗ್ಗರಣೆಗೆಂದು ಎಲೆ ಕೀಳಹೋದ ಗೃಹಿಣಿಯ ಕೈಗೆ ಒಮ್ಮೊಮ್ಮೆ ದಪ್ಪನೆಯ ಹಸುರು ಹುಳುವೊಂದು ತಗಲುತ್ತದೆ. ಅದನ್ನು ಕೊಲ್ಲದೆ ಬಿಟ್ಟರೆ, ಕೆಲವೇ ವಾರಗಳಲ್ಲಿ ಅದು ಪಾತರಗಿತ್ತಿಯಾಗಿ ಹಾರಿಹೋಗುತ್ತದೆ. ಹಾಗೆ ಹಾರುವ ಕಪ್ಪು ರೆಕ್ಕೆಯ ಚೆಲುವೆಯೇ ಕಾಮನ್ ಮಾರ್ಮನ್.

ಮನೆಯ ಮಕ್ಕಳು ಅದರ ಛಾಯಾಚಿತ್ರ ತೆಗೆದು ಪುಸ್ತಕದೊಡನೆ ಹೋಲಿಸತೊಡಗಿದಾಗ ತೊಡಕು ಆರಂಭವಾಗುತ್ತದೆ. ಗಂಡಿನ ವಿಷಯದಲ್ಲಿ ಸಂದೇಹವಿಲ್ಲ. ಹಿಂದಿನ ಕಪ್ಪು ರೆಕ್ಕೆಗೆ ಅಡ್ಡಲಾಗಿ ಬಿಳಿಯ ಮಚ್ಚೆಗಳ ಸಾಲು. ಹೆಣ್ಣಿಗಾದರೋ ಮೂರು ಉಡುಗೆ. ಒಂದು ಗಂಡನ್ನೇ ಹೋಲುವುದು. ಎರಡನೆಯದು ಕಾಮನ್ ರೋಸ್ ಎಂಬ ಬೇರೊಂದು ಜಾತಿಯ ಪ್ರತಿರೂಪ: ಹಿಂದಿನ ರೆಕ್ಕೆಯ ನಡುವೆ ಬಿಳಿ, ಅಂಚಿನಲ್ಲಿ ಕೆಂಪು. ಮೂರನೆಯದು ಕ್ರಿಮ್ಸನ್ ರೋಸ್‌ನ ಅನುಕರಣೆ: ಮುಂದಿನ ರೆಕ್ಕೆಯಲ್ಲಿ ಬಿಳಿಯ ಪಟ್ಟೆ, ಹಿಂದಿನದರಲ್ಲಿ ಕೆಂಪು ಮಚ್ಚೆ. ರೂಪ ಬೇರೆಯಾದರೂ ಈ ಹೆಣ್ಣುಗಳ ಜಾತಿ ಒಂದೇ ಎಂಬುದನ್ನು ೧೮೬೫ರಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್ ವಿವರಿಸಿದನು. ವೇಷವನ್ನು ನಿರ್ಧರಿಸುವುದು 'ಡಬಲ್‌ಸೆಕ್ಸ್' ಎಂಬ ಒಂದೇ ಜೀನ್ ಎಂದು ೨೦೧೪ರಲ್ಲಿ ತೋರಿಸಿಕೊಟ್ಟ ತಂಡದಲ್ಲಿ ಬೆಂಗಳೂರಿನ ವಿಜ್ಞಾನಿ ಕೃಷ್ಣಮೇಘ ಕುಂಟೆಯವರೂ ಇದ್ದರು.

ವೇಷವಾದರೂ ಏತಕ್ಕೆ? ರೋಸ್‌ಗಳ ಹುಳುಗಳು ಈಶ್ವರಿ ಬಳ್ಳಿಯನ್ನು ತಿಂದು, ಅದರ ವಿಷವನ್ನು ಮೈಗೂಡಿಸಿಕೊಳ್ಳುತ್ತವೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ಬಳಿ ಸುಳಿಯದು. ಕರಿಬೇವು, ನಿಂಬೆಗಳನ್ನುಂಡು ಬೆಳೆದ ಮಾರ್ಮನ್‌ಗೆ ಆ ವಿಷವಿಲ್ಲ. ವಿಷವುಳ್ಳವಳ ಸೀರೆಯನ್ನುಟ್ಟು ಅದು ಪ್ರಾಣ ಉಳಿಸಿಕೊಳ್ಳುತ್ತದೆ.

ಹಕ್ಕಿಯನ್ನು ವಂಚಿಸಿದ ವೇಷ ಛಾಯಾಚಿತ್ರ ನೋಡುವವರನ್ನೂ ವಂಚಿಸುತ್ತದೆ. ಆದರೆ ವೇಷಧಾರಿಣಿ ಬಣ್ಣ ಹಚ್ಚಿಕೊಳ್ಳಲು ಮರೆತ ಸ್ಥಳವೊಂದುಂಟು. ಅದು ಅವಳ ಮೈ. ರೋಸ್‌ಗಳ ತಲೆ, ಎದೆಯ ಪಕ್ಕ, ಹೊಟ್ಟೆಗಳಲ್ಲಿ ಕೆಂಪು ಎದ್ದು ಕಾಣುತ್ತದೆ. ಮಾರ್ಮನ್‌ನ ಮೈ ಕಪ್ಪು. ಆದುದರಿಂದ ರೆಕ್ಕೆಯ ಸೊಬಗಿಗೆ ಮರುಳಾಗಿ ಮೇಲಿನಿಂದಷ್ಟೇ ಚಿತ್ರ ತೆಗೆದರೆ ಸಾಲದು. ಪಕ್ಕದಿಂದ, ಮೈ ಸ್ಪಷ್ಟವಾಗಿ ಕಾಣುವಂತೆ ಇನ್ನೊಂದು ಚಿತ್ರ ಬೇಕು.

ಹೆಸರು ತಪ್ಪಿದರೆ ನಷ್ಟವೇನೆಂದು ಕೇಳಬಹುದು. ಈಶ್ವರಿ ಬಳ್ಳಿ ಬೇಲಿ ಪೊದೆಗಳಲ್ಲಿ ಹಬ್ಬುವಂಥದು. ಕೆಂಗೇರಿಯ ಕಡೆ ಹೊಲ ಬಡಾವಣೆಯಾಗಿ, ಬೇಲಿ ಗೋಡೆಯಾಗಿ, ಆ ಬಳ್ಳಿ ಇಲ್ಲವಾದರೆ ರೋಸ್‌ಗಳಿಗೆ ಮೊಟ್ಟೆಯಿಡಲು ಎಡೆಯಿಲ್ಲ. ಮಾರ್ಮನ್‌ಗಾದರೋ ಕುಂಡದಲ್ಲಿ ಬೆಳೆದ ಕರಿಬೇವೂ ಆದೀತು. ಅಸಲು ಅಳಿದ ಮೇಲೂ ನಕಲು ಹಾರಾಡುತ್ತಿದ್ದರೆ, ರೆಕ್ಕೆಯನ್ನಷ್ಟೇ ನೋಡುವವರು ಎರಡೂ ಕ್ಷೇಮವೆಂದೇ ಭಾವಿಸಿಯಾರು. ಹೋದದ್ದು ಹೋಯಿತೆಂಬುದೂ ಯಾರಿಗೂ ತಿಳಿಯದು.

ಹಿತ್ತಿಲಿಗೆ ಬಂದ ಅತಿಥಿಯ ಮೈಬಣ್ಣವನ್ನು ಮಕ್ಕಳು ಒಮ್ಮೆ ನೋಡಲಿ. ಅದು ಕೆಂಪಾಗಿದ್ದರೆ, ಎಲ್ಲೋ ಒಂದು ಬೇಲಿಯಲ್ಲಿ ಈಶ್ವರಿ ಬಳ್ಳಿ ಇನ್ನೂ ಉಳಿದಿರಬೇಕು.